ಎಸ್‌ಇಒ ಟೂಲ್‌ಗಳಲ್ಲಿ ಯಾವುದು ತಗೊಳ್ಳಬೇಕು? ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ವ್ಯಾಪಾರಿಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

"ಸೆಮ್‌ರಷ್ ತಗೊಳ್ಳೋದಾ, ಅಹ್ರೆಫ್ಸ್ ತಗೊಳ್ಳೋದಾ?" ಹುಬ್ಬಳ್ಳಿಯಲ್ಲಿ ವೆಬ್‌ಸೈಟ್ ಇಟ್ಟುಕೊಂಡಿರುವ ಯಾರನ್ನೇ ಮಾತಾಡಿಸಿ, ಚಹಾ ಮುಗಿಯುವಷ್ಟರಲ್ಲಿ ಈ ಪ್ರಶ್ನೆ ಬಂದೇ ಬರುತ್ತದೆ. ಎರಡೂ ಎಸ್‌ಇಒ ಟೂಲ್‌ಗಳು, ಅಂದರೆ ಗೂಗಲ್ ಹುಡುಕಾಟದಲ್ಲಿ ಸೈಟ್ ಮೇಲೆ ಬರುವಂತೆ ಮಾಡುವ ಕೆಲಸಕ್ಕೆ (ಎಸ್‌ಇಒ) ನೆರವಾಗುವ ತಂತ್ರಾಂಶಗಳು. ಯೂಟ್ಯೂಬ್‌ನಲ್ಲಿ ಉತ್ತರಕ್ಕೆ ಬರ ಇಲ್ಲ. ಆದರೆ ಆ ವಿಡಿಯೊಗಳಲ್ಲಿ ಹೆಚ್ಚಿನವು ಇಂಗ್ಲಿಷ್ ಪದ, ಅಮೆರಿಕದ ಸೈಟ್ ಇಟ್ಟುಕೊಂಡು ಮಾಡಿದವು. ವಿಡಿಯೊ ಕೆಳಗಿನ ಲಿಂಕ್ ಒತ್ತಿ ನೀವು ಕೊಂಡರೆ ಎಷ್ಟೋ ಸಲ ಹೇಳಿದವರಿಗೆ ಕಮಿಷನ್ ಸಿಗುತ್ತದೆ. ಬ್ಯಾಡಗಿ ಮೆಣಸಿನಕಾಯಿ ಮಾರುವವರಿಗೆ, ಧಾರವಾಡದ ಸಪ್ತಾಪುರದ ಕೋಚಿಂಗ್ ಸೆಂಟರ್‌ಗೆ ಅದೇ ಟೂಲ್ ಅಷ್ಟೇ ಚೆನ್ನಾಗಿ ನಡೆಯುತ್ತದೆ ಎಂದು ಏನು ಗ್ಯಾರಂಟಿ?

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟು ತಗೊಳ್ಳುವ ಟೂಲ್‌ಗಳು ಹೇಳುವುದೆಲ್ಲ ಅಂದಾಜು. ನಿಮ್ಮ ಸೈಟ್‌ನ ನಿಜವಾದ ಲೆಕ್ಕ, ಅಂದರೆ ಯಾವ ಪದ ಹುಡುಕಿದಾಗ ಅದು ಎಷ್ಟು ಸಲ ಕಂಡಿತು ಎಂಬುದು, ಗೂಗಲ್ ತಾನೇ ಸೈಟ್ ಮಾಲೀಕರಿಗೆ ಕೊಡುವ ಗೂಗಲ್ ಸರ್ಚ್ ಕನ್ಸೋಲ್‌ನಲ್ಲಿ ಪುಕ್ಕಟೆ ಸಿಗುತ್ತದೆ. ತಕ್ಕಡಿ ಸರಿ ಇದೆಯೋ ಇಲ್ಲವೋ ನೋಡಲು ತೂಕ ಗೊತ್ತಿರುವ ಕಲ್ಲು ಬೇಕಲ್ವಾ? ಹಾಗೆ, ಗೊತ್ತಿರುವ ಲೆಕ್ಕದ ಮೇಲೆ ಟೂಲ್ ಇಟ್ಟು ನೋಡಿ, ಆಮೇಲೆ ರೊಕ್ಕ ಬಿಚ್ಚಿ. ಅದನ್ನು ಮಾಡುವ ಕ್ರಮ ಇಲ್ಲಿದೆ.

ಹಂತ 1: ಮೊದಲು ನಿಮ್ಮ ಸೈಟ್‌ನ ಕನ್ನಡ ಗೂಗಲ್‌ಗೆ ಓದಲು ಬರುತ್ತದೆಯೇ ನೋಡಿ

ಇದನ್ನು ಯಾವ ಟೂಲ್ ಕಂಪನಿಯೂ ಹೇಳುವುದಿಲ್ಲ. ನಮ್ಮ ಕಡೆ ಮಾತ್ರ ಬಹಳ ಮುಖ್ಯ. ಗದಗಿನ ಮುದ್ರಣಾಲಯಗಳಲ್ಲಿ, ಹುಬ್ಬಳ್ಳಿಯ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ನುಡಿ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡುವವರಿದ್ದಾರೆ. ಕರಪತ್ರಕ್ಕೆಂದು ಮಾಡಿಸಿದ ಅದೇ ಫೈಲ್ ವೆಬ್‌ಸೈಟ್‌ಗೂ ಹೋಗುತ್ತದೆ. ಪರದೆ ಮೇಲೆ ಕನ್ನಡ ಕಾಣುತ್ತದೆ, ಒಳಗೆ ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಗೂಗಲ್ ಓದುವುದು ಒಳಗಿರುವುದನ್ನು.

ಪರೀಕ್ಷೆ ಸುಲಭ. ನಿಮ್ಮ ಸೈಟ್‌ನಿಂದ ಒಂದು ಸಾಲು ಕಾಪಿ ಮಾಡಿ, ವಾಟ್ಸ್ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್, ಫೋನ್‌ಗಳಿಗೂ ಓದಲು ಬರುವ ಅಕ್ಷರ ಸಂಕೇತ, ಚಿಂತೆ ಇಲ್ಲ. ಅರ್ಥವಿಲ್ಲದ ಅಕ್ಷರ ಬಂದರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಒಮ್ಮೆ ಕಣ್ಣಾಡಿಸಿ, ಅಲ್ಲೇ ಹೆಚ್ಚು ಕೈಕೊಡುವುದು. ಕಾಪಿಯೇ ಆಗದಿದ್ದರೆ ಅದು ಚಿತ್ರ, ಅಂದರೆ ಬ್ಯಾನರ್ ಫೋಟೊ. ಅದನ್ನು ಮತ್ತೆ ಟೈಪ್ ಮಾಡಿಸಬೇಕು. ಈ ಕೆಲಸ ಬಾಕಿ ಇಟ್ಟು ತಿಂಗಳಿಗೆ ಸಾವಿರಾರು ರೂಪಾಯಿಯ ಟೂಲ್ ಕೊಂಡರೆ ಉಪಯೋಗವಿಲ್ಲ.

ಹಂತ 2: ಟೂಲ್ ಯಾವ ಪ್ರಶ್ನೆಗೆ ಉತ್ತರ ಹೇಳಬೇಕು ಎಂದು ಬರೆದುಕೊಳ್ಳಿ

"ಎಸ್‌ಇಒ ಮಾಡಬೇಕು" ಎಂಬುದು ಪ್ರಶ್ನೆಯಾಗುವುದಿಲ್ಲ. ಹೀಗೆ ನೋಡಿ.

ವಿದ್ಯಾನಗರದಲ್ಲಿ ಹಲ್ಲಿನ ದವಾಖಾನೆ ಇದೆ. ಸುತ್ತಮುತ್ತಲಿನವರು "ಹತ್ತಿರದ ಡೆಂಟಿಸ್ಟ್" ಎಂದು ಹುಡುಕಿದಾಗ ಮ್ಯಾಪ್‌ನಲ್ಲಿ ಮೇಲೆ ಬರಬೇಕು, ಅಷ್ಟೇ. ಇವರಿಗೆ ಗೂಗಲ್ ಬಿಸಿನೆಸ್ ಪ್ರೊಫೈಲ್, ಅಂದರೆ ಮ್ಯಾಪ್‌ನಲ್ಲಿ ಕಾಣುವ ನಿಮ್ಮ ವ್ಯಾಪಾರದ ಪುಟ, ಸಾಕು. ಎಷ್ಟು ಜನ ಫೋನ್ ಮಾಡಿದರು, ಎಷ್ಟು ಜನ ದಾರಿ ಕೇಳಿದರು, ಏನೆಂದು ಹುಡುಕಿ ಬಂದರು ಎಂಬುದೆಲ್ಲ ಅದರಲ್ಲೇ ಇದೆ. ದೊಡ್ಡ ಟೂಲ್ ಇವರಿಗೆ ದಂಡ. ಬೇಕೇ ಬೇಕೆಂದರೆ ಲೋಕಲ್ ಫಾಲ್ಕನ್, ಬ್ರೈಟ್‌ಲೋಕಲ್‌ನಂಥವು ಇವೆ. ಉಣಕಲ್‌ನಲ್ಲಿ ನಿಂತು ಹುಡುಕಿದರೆ ಎಷ್ಟನೇ ಸ್ಥಾನ, ಗೋಕುಲ ರಸ್ತೆಯಲ್ಲಿ ಎಷ್ಟನೇ ಸ್ಥಾನ ಎಂದು ನಕ್ಷೆ ಮೇಲೆ ಚುಕ್ಕಿ ಇಟ್ಟು ತೋರಿಸುತ್ತವೆ.

ಸಪ್ತಾಪುರದ ಕೋಚಿಂಗ್ ಸೆಂಟರ್‌ನ ಪ್ರಶ್ನೆ ಬೇರೆ. ಕೆಎಎಸ್, ಪಿಎಸ್‌ಐ, ಎಫ್‌ಡಿಎ ಎಂದು ಹುಡುಕುವವರು ರಾಜ್ಯದ ತುಂಬ ಇದ್ದಾರೆ. ಅಧಿಸೂಚನೆ ಬಂದ ವಾರ ಹುಡುಕಾಟ ಏರುತ್ತದೆ, ಆಮೇಲೆ ಇಳಿಯುತ್ತದೆ. ಇವರಿಗೆ ಜನ ಹುಡುಕುವ ಪದಗಳ ಪಟ್ಟಿ ಬೇಕು, ಪ್ರತಿಸ್ಪರ್ಧಿಗಳು ಯಾವ ಪುಟದಿಂದ ಜನರನ್ನು ಸೆಳೆಯುತ್ತಿದ್ದಾರೆ ಎಂಬ ಮಾಹಿತಿ ಬೇಕು. ದುಡ್ಡು ಕೊಟ್ಟ ಟೂಲ್ ನಿಜಕ್ಕೂ ಕೆಲಸಕ್ಕೆ ಬರುವುದು ಇಂಥವರಿಗೆ.

ಬ್ಯಾಡಗಿಯಿಂದ ಮೆಣಸಿನಕಾಯಿಯನ್ನು ಪ್ಯಾಕ್ ಮಾಡಿ ದೇಶದ ತುಂಬ ಕಳಿಸುವವರಿಗೆ ಮೂರನೆಯ ಬಗೆಯ ತಲೆಬಿಸಿ. ಪುಟಗಳು ನೂರಾರು, ಕೆಲವು ಗೂಗಲ್‌ಗೆ ಸೇರಿಯೇ ಇಲ್ಲ, ಕೆಲವು ಎರಡೆರಡು ಸಲ ಸೇರಿವೆ. ಇವರಿಗೆ ಮೊದಲು ಬೇಕಾದದ್ದು ಸೈಟ್‌ನ ಪುಟಗಳನ್ನೆಲ್ಲ ಜಾಲಾಡಿ ದೋಷ ಹುಡುಕುವ ಟೂಲ್.

ನಿಮ್ಮ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಬರೆಯಿರಿ. ಬರೆಯಲು ಬರದಿದ್ದರೆ ಟೂಲ್ ಕೊಳ್ಳುವ ಕಾಲ ಇನ್ನೂ ಬಂದಿಲ್ಲ.

ಹಂತ 3: ಪುಕ್ಕಟೆ ಇರುವುದನ್ನು ಪೂರ್ತಿ ಬಳಸಿ

ಸರ್ಚ್ ಕನ್ಸೋಲ್ ಇನ್ನೂ ಜೋಡಿಸಿಲ್ಲದಿದ್ದರೆ ಇವತ್ತೇ ಜೋಡಿಸಿ. ಜೋಡಿಸಿದ ದಿನದ ಆಸುಪಾಸಿನಿಂದಲೇ ಲೆಕ್ಕ ಶುರುವಾಗುತ್ತದೆ, ತಡ ಮಾಡಿದಷ್ಟೂ ನಷ್ಟ. ಹಿಂದಿನ 16 ತಿಂಗಳ ಮಾಹಿತಿ ಮಾತ್ರ ಅದರಲ್ಲಿ ಉಳಿಯುತ್ತದೆ.

ಒಳಗೆ ಹೋಗಿ ಪರ್ಫಾರ್ಮೆನ್ಸ್ ತೆರೆಯಿರಿ. ಮೇಲೆ ನಾಲ್ಕು ಡಬ್ಬಿ ಕಾಣುತ್ತವೆ: ಕ್ಲಿಕ್, ಇಂಪ್ರೆಷನ್ (ಹುಡುಕಾಟದಲ್ಲಿ ನಿಮ್ಮ ಪುಟ ಎಷ್ಟು ಸಲ ಕಂಡಿತು), ಸಿಟಿಆರ್ (ಕಂಡದ್ದರಲ್ಲಿ ಶೇಕಡಾ ಎಷ್ಟು ಸಲ ಕ್ಲಿಕ್ ಆಯಿತು), ಸರಾಸರಿ ಸ್ಥಾನ. ನಾಲ್ಕನ್ನೂ ಒತ್ತಿ. ಅವಧಿಯನ್ನು 16 ತಿಂಗಳಿಗೆ ಇಡಿ, ದೇಶ ಭಾರತ ಎಂದು ಆರಿಸಿ. ಕೆಳಗಿನ ಪಟ್ಟಿಯನ್ನು ಎಕ್ಸ್‌ಪೋರ್ಟ್ ಬಟನ್‌ನಿಂದ ಗೂಗಲ್ ಶೀಟ್ಸ್‌ಗೆ ಇಳಿಸಿಕೊಳ್ಳಿ. ಒಂದು ಸಲಕ್ಕೆ 1,000 ಸಾಲು ಬರುತ್ತವೆ. ಅಪರೂಪಕ್ಕೆ ಯಾರೋ ಒಬ್ಬಿಬ್ಬರು ಹುಡುಕಿದ ಪದಗಳನ್ನು ಗೂಗಲ್ ಖಾಸಗಿತನದ ಕಾರಣಕ್ಕೆ ತೋರಿಸುವುದಿಲ್ಲ. ಹಾಗಾಗಿ ಸಾಲುಗಳನ್ನು ಕೂಡಿಸಿದರೆ ಮೇಲಿನ ಒಟ್ಟು ಮೊತ್ತ ಬರದೇ ಹೋಗಬಹುದು, ಗಾಬರಿಯಾಗಬೇಡಿ.

ಶೀಟ್‌ನಲ್ಲಿ ಪದಗಳ ಕಾಲಂ ಅನ್ನು ಅಕ್ಷರಮಾಲೆ ಕ್ರಮಕ್ಕೆ ಜೋಡಿಸಿದರೆ ಇಂಗ್ಲಿಷ್ ಅಕ್ಷರದವು ಮೇಲೆ, ಕನ್ನಡ ಅಕ್ಷರದವು ಕೆಳಗೆ ಗುಂಪಾಗಿ ನಿಲ್ಲುತ್ತವೆ. ನಿಮ್ಮ ಗಿರಾಕಿ ಯಾವ ಲಿಪಿಯಲ್ಲಿ ಹುಡುಕುತ್ತಾರೆ ಎಂದು ಮೊದಲ ಬಾರಿಗೆ ಕಣ್ಣಿಗೆ ಕಾಣುತ್ತದೆ. ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವವರೂ ಸಿಗುತ್ತಾರೆ. ಟೂಲ್‌ಗೆ ನಿಜವಾದ ಪರೀಕ್ಷೆ ಅಲ್ಲೇ.

ಉಳಿದವನ್ನು ಬೇಗ ಹೇಳುತ್ತೇನೆ. ಯಾವ ಪದವನ್ನು ಎಷ್ಟು ಸಲ ಹುಡುಕುತ್ತಾರೆ ಎಂದು ಹೇಳುವ ಕೀವರ್ಡ್ ಪ್ಲಾನರ್ ಗೂಗಲ್ ಆ್ಯಡ್ಸ್ ಖಾತೆ ಜೊತೆ ಬರುತ್ತದೆ. ಜಾಹೀರಾತಿಗೆ ಖರ್ಚು ಮಾಡದವರಿಗೆ ಅದು ಸರಿಯಾದ ಸಂಖ್ಯೆ ಕೊಡದೆ "100ರಿಂದ 1,000" ಎಂಬಂಥ ದೊಡ್ಡ ಅಂತರ ತೋರಿಸುತ್ತದೆ. ಗೂಗಲ್ ಟ್ರೆಂಡ್ಸ್ ತೋರಿಸುವ 0–100 ಅಂಕ ಎಷ್ಟು ಜನ ಹುಡುಕಿದರು ಎಂಬುದನ್ನು ಹೇಳುವುದಿಲ್ಲ, ಏರಿಳಿತ ಮಾತ್ರ ಹೇಳುತ್ತದೆ. ಮೆಣಸಿನಕಾಯಿ ಆವಕದ ಹಂಗಾಮಿನಲ್ಲಿ ಹುಡುಕಾಟ ಯಾವಾಗ ಏರುತ್ತದೆ ಎಂದು ನೋಡಲು ಅಷ್ಟು ಸಾಕು. ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್ ಅನ್ನು ನಮ್ಮವರು ಮರೆತೇಬಿಟ್ಟಿದ್ದಾರೆ, ಬಿಂಗ್ ಹುಡುಕಾಟಕ್ಕೆ ಅದು ಸರ್ಚ್ ಕನ್ಸೋಲ್ ಇದ್ದಂತೆ, ಅದೂ ಪುಕ್ಕಟೆ. ಅಹ್ರೆಫ್ಸ್ ತನ್ನ ವೆಬ್‌ಮಾಸ್ಟರ್ ಟೂಲ್ಸ್ ಅನ್ನು ಸ್ವಂತ ಸೈಟ್ ಇರುವವರಿಗೆ ಪುಕ್ಕಟೆ ಕೊಡುತ್ತದೆ. ಅದರಲ್ಲಿ ಸೈಟ್ ತಪಾಸಣೆಯೂ ಇದೆ, ನಿಮಗೆ ಯಾರು ಲಿಂಕ್ ಕೊಟ್ಟಿದ್ದಾರೆ ಎಂಬುದೂ ಇದೆ. ಸ್ಕ್ರೀಮಿಂಗ್ ಫ್ರಾಗ್ ಕಂಪ್ಯೂಟರ್‌ಗೆ ಇಳಿಸಿಕೊಳ್ಳುವ, ಸೈಟ್ ಜಾಲಾಡುವ ತಂತ್ರಾಂಶ, 500 ಯುಆರ್‌ಎಲ್ (ಪುಟದ ವಿಳಾಸ) ತನಕ ದುಡ್ಡಿಲ್ಲ. ಪುಟದ ವೇಗಕ್ಕೆ ಪೇಜ್‌ಸ್ಪೀಡ್ ಇನ್‌ಸೈಟ್ಸ್ ಇದೆ. ಪುಟ ತೆರೆದಾಗ ಕಾಣುವ ಅತಿ ದೊಡ್ಡ ಚಿತ್ರ ಅಥವಾ ಬರಹದ ತುಂಡು 2.5 ಸೆಕೆಂಡಿನೊಳಗೆ ಕಾಣಬೇಕು, ಒತ್ತಿದ್ದಕ್ಕೆ 200 ಮಿಲಿಸೆಕೆಂಡಿನೊಳಗೆ ಪ್ರತಿಕ್ರಿಯೆ ಬರಬೇಕು ಎಂಬುದು ಗೂಗಲ್ ಹೇಳುವ ಅಳತೆ.

ನನ್ನ ಅಂದಾಜಿನಲ್ಲಿ ನಮ್ಮ ಕಡೆಯ ಸಣ್ಣ ವ್ಯಾಪಾರಗಳಲ್ಲಿ ಹೆಚ್ಚಿನವರಿಗೆ ಇಷ್ಟರಲ್ಲೇ ಒಂದು ವರ್ಷದ ಕೆಲಸ ಸಿಗುತ್ತದೆ.

ಹಂತ 4: ಪರೀಕ್ಷೆಗೆ ಪದಗಳ ಪಟ್ಟಿ ಮಾಡಿ

ಇಳಿಸಿಕೊಂಡ ಶೀಟ್‌ನಿಂದ ಇಪ್ಪತ್ತು ಪದ ಎತ್ತಿಕೊಳ್ಳಿ. ಸುಮ್ನೆ ಮೇಲಿನ ಇಪ್ಪತ್ತು ಬೇಡ, ಹಂಚಿ ಆರಿಸಿ. ಕೆಲವು ಇಂಗ್ಲಿಷ್, ಕೆಲವು ಕನ್ನಡ ಲಿಪಿ, ಕೆಲವು ಇಂಗ್ಲಿಷ್ ಅಕ್ಷರದ ಕನ್ನಡ. ಊರಿನ ಹೆಸರಿರುವ ಕೆಲವು, ಇಲ್ಲದ ಕೆಲವು. ಮೊದಲ ಪುಟದಲ್ಲಿ ನೀವು ಗಟ್ಟಿಯಾಗಿ ನಿಂತಿರುವ ಐದಾರು ಪದ ಅದರಲ್ಲಿ ಇರಲೇಬೇಕು. ಏಕೆಂದು ಮುಂದೆ ಹೇಳುತ್ತೇನೆ.

ಊರಿನ ಹೆಸರಿನ ಕಾಗುಣಿತವನ್ನೂ ಸೇರಿಸಿ. ಹುಬ್ಳಿ ಎಂಬ ಹಳೆಯ ಇಂಗ್ಲಿಷ್ ಹೆಸರು ಅಧಿಕೃತವಾಗಿ ಹುಬ್ಬಳ್ಳಿ ಆದದ್ದು 2014ರ ನವೆಂಬರ್ 1ರಂದು. ಜನ ಇನ್ನೂ ಎರಡೂ ಬರೆಯುತ್ತಾರೆ. ಬ್ಯಾಡಗಿಗೆ ಇಂಗ್ಲಿಷ್‌ನಲ್ಲಿ ಬ್ಯಾಡ್ಗಿ, ಬೈಡಗಿ ಎಂದು ಇನ್ನೂ ಎರಡು ಮೂರು ರೂಪ. ಟೂಲ್ ಇವನ್ನು ಒಂದೇ ಎಂದು ಕೂಡಿಸುತ್ತದೆಯೋ ಬೇರೆ ಬೇರೆ ಲೆಕ್ಕ ಕೊಡುತ್ತದೆಯೋ ನೋಡಬೇಕು. ಎರಡೂ ತಪ್ಪಲ್ಲ, ಆದರೆ ಯಾವುದು ಎಂದು ನಿಮಗೆ ಗೊತ್ತಿರಬೇಕು. ಇಲ್ಲದಿದ್ದರೆ ಒಂದೇ ಗಿರಾಕಿಯನ್ನು ಮೂರು ಸಲ ಎಣಿಸುತ್ತೀರಿ.

ಹಂತ 5: ಮೂರಕ್ಕಿಂತ ಜಾಸ್ತಿ ಟೂಲ್ ಹೋಲಿಸಬೇಡಿ

ಸೆಮ್‌ರಷ್ 2008ರಲ್ಲಿ ಶುರುವಾದದ್ದು. ಪದ ಹುಡುಕುವುದು, ಸ್ಥಾನ ನೋಡುವುದು, ಜಾಹೀರಾತು, ಪ್ರತಿಸ್ಪರ್ಧಿಗಳ ಲೆಕ್ಕ, ಎಲ್ಲವೂ ಒಂದೇ ಸೂರಿನಡಿ. ಹೊಸಬರಿಗೆ ಮೆನು ನೋಡಿಯೇ ಸುಸ್ತಾಗುತ್ತದೆ. ಅಹ್ರೆಫ್ಸ್ ಸಿಂಗಪುರದ್ದು. ಯಾರು ಯಾರಿಗೆ ಲಿಂಕ್ ಕೊಟ್ಟಿದ್ದಾರೆ ಎಂಬುದರಲ್ಲಿ ಅದರ ಹೆಸರು ದೊಡ್ಡದು. ಮಾಜ್ ಇವೆರಡಕ್ಕಿಂತ ಹಳೆಯದು, ಸೈಟ್‌ನ ಬಲ ಎಷ್ಟು ಎಂದು ಅಂದಾಜಿಸುವ ಡೊಮೇನ್ ಅಥಾರಿಟಿ (ಡಿಎ) ಎಂಬ ಅಂಕವನ್ನು ಹುಟ್ಟುಹಾಕಿದ್ದು ಅದೇ. ಉಬರ್‌ಸಜೆಸ್ಟ್, ಮ್ಯಾಂಗೂಲ್ಸ್, ಎಸ್‌ಇ ರ್‍ಯಾಂಕಿಂಗ್ ಅಗ್ಗದ ಸಾಲಿನವು.

ವರ್ಡ್‌ಪ್ರೆಸ್‌ನಲ್ಲಿ ಹಾಕುವ ಯೋಸ್ಟ್, ರ್‍ಯಾಂಕ್ ಮ್ಯಾಥ್ ಬೇರೆ ಜಾತಿಯವು, ಸೈಟ್‌ಗೆ ಸೇರಿಸುವ ಪ್ಲಗಿನ್‌ಗಳು. ಅವು ಹೊರಗಿನ ಲೆಕ್ಕ ಹೇಳುವುದಕ್ಕಿಂತ ನಿಮ್ಮ ಪುಟದ ಶೀರ್ಷಿಕೆ, ವಿವರಣೆ, ಸೈಟ್‌ಮ್ಯಾಪ್ (ಪುಟಗಳ ಪಟ್ಟಿ) ಸರಿಮಾಡಲು ಇರುವಂಥವು. ಎರಡರಲ್ಲಿ ಒಂದೇ ಹಾಕಿ. ಕನ್ನಡ ಪುಟಕ್ಕೆ ಅವು ಸರಿಯಿಲ್ಲ ಎಂದು ಕೆಂಪು ದೀಪ ತೋರಿಸಿದರೆ ತಲೆ ಕೆಡಿಸಿಕೊಳ್ಳಬೇಡಿ. "ಧಾರವಾಡ ಪೇಡಾ" ಎಂದು ಮುಖ್ಯ ಪದ ಕೊಟ್ಟು, ಒಳಗೆ ನೀವು "ಧಾರವಾಡದ ಪೇಡೆ" ಎಂದು ಬರೆದರೆ ಪ್ಲಗಿನ್‌ಗೆ ಅದು ಬೇರೆ ಪದ. ನಮ್ಮ ವಿಭಕ್ತಿ ಪ್ರತ್ಯಯ ಅದಕ್ಕೆ ಗೊತ್ತಾಗುವುದಿಲ್ಲ. ಹಸಿರು ದೀಪಕ್ಕಾಗಿ ಒಂದೇ ಪದವನ್ನು ಹತ್ತು ಸಲ ತುರುಕಿ ಬರೆದ ಕನ್ನಡ ಪುಟಗಳನ್ನು ನೋಡಿದ್ದೇನೆ. ಓದಲು ಹಿಂಸೆ.

ನಿಮ್ಮ ಹಂತ 2ರ ಸಾಲಿಗೆ ಹೊಂದುವ ಎರಡು ದೊಡ್ಡವು, ಒಂದು ಅಗ್ಗದ್ದು ಆರಿಸಿ. ಸಾಕು.

ಹಂತ 6: ಪಕ್ಕಪಕ್ಕ ಇಟ್ಟು ತೂಗಿ ನೋಡಿ

ಪ್ರತಿ ಟೂಲ್‌ನ ಪುಕ್ಕಟೆ ಖಾತೆಯಲ್ಲೋ ಟ್ರಯಲ್‌ನಲ್ಲೋ ಅದೇ ಇಪ್ಪತ್ತು ಪದ ಹಾಕಿ. ದಿನಕ್ಕೆ ಇಷ್ಟೇ ಎಂದು ಮಿತಿ ಇರುತ್ತದೆ, ಎರಡು ಮೂರು ದಿನ ಹಿಡಿಯಬಹುದು. ದೇಶ ಭಾರತ ಎಂದು ಬದಲಿಸುವುದನ್ನು ಮರೆಯಬೇಡಿ, ಬಿಟ್ಟರೆ ಎಷ್ಟೋ ಕಡೆ ಅಮೆರಿಕದ ಲೆಕ್ಕ ಬರುತ್ತದೆ.

ಮೊದಲು ಹುಡುಕಾಟದ ಪ್ರಮಾಣ. ನೀವು ಮೊದಲ ಪುಟದಲ್ಲಿರುವ ಪದಗಳನ್ನು ನೋಡಿ. ಮೊದಲ ಪುಟದಲ್ಲಿ ಇದ್ದೀರಿ ಎಂದರೆ ಆ ಪದ ಹುಡುಕಿದವರಲ್ಲಿ ಹೆಚ್ಚಿನವರಿಗೆ ನಿಮ್ಮ ಪುಟ ಕಾಣಿಸಿದೆ, ಅಂದರೆ ಇಂಪ್ರೆಷನ್ ಆಗಿದೆ. ಸರ್ಚ್ ಕನ್ಸೋಲ್‌ನಲ್ಲಿ ಆ ಪದಕ್ಕೆ ತಿಂಗಳಿಗೆ ಸುಮಾರು 400 ಇಂಪ್ರೆಷನ್ ಇದೆ, ಟೂಲ್ ಮಾತ್ರ 10 ಎನ್ನುತ್ತಿದೆ ಎಂದಿಟ್ಟುಕೊಳ್ಳಿ. ಟೂಲ್‌ಗೆ ನಿಮ್ಮ ಗಿರಾಕಿಯೇ ಕಾಣುತ್ತಿಲ್ಲ ಎಂದಾಯಿತು. ಒಂದು ಪದದಲ್ಲಿ ಹೀಗಾದರೆ ಬಿಡಿ, ಟೂಲ್‌ನ ಸಂಖ್ಯೆ ಸಾಮಾನ್ಯವಾಗಿ ವರ್ಷದ ಸರಾಸರಿ, ಹಂಗಾಮಿನ ವ್ಯತ್ಯಾಸ ಇರಬಹುದು. ಕನ್ನಡ ಲಿಪಿಯ ಎಲ್ಲ ಪದಗಳಿಗೂ ಹೀಗೇ ಆದರೆ ಆ ಟೂಲ್‌ನ ಕನ್ನಡದ ಲೆಕ್ಕವನ್ನು ನಂಬಬೇಡಿ. "ಸೊನ್ನೆ" ಎಂದು ತೋರಿಸಿದ ಪದವನ್ನು ಯಾರೂ ಹುಡುಕುವುದಿಲ್ಲ ಎಂದು ಅರ್ಥವಲ್ಲ. ಟೂಲ್ ಹತ್ತಿರ ಮಾಹಿತಿ ಇಲ್ಲ, ಅಷ್ಟೇ.

ಎರಡನೆಯದು ಸ್ಥಾನ. ಇಲ್ಲಿ ಅಂಕಿಗೆ ಅಂಕಿ ಹೊಂದಿಸಲು ಹೋಗಬೇಡಿ. ಸರ್ಚ್ ಕನ್ಸೋಲ್ ಹೇಳುವುದು ಎಲ್ಲರ, ಎಲ್ಲ ಊರಿನ, ಎಲ್ಲ ಫೋನಿನ ಸರಾಸರಿ. ಟೂಲ್ ಹೇಳುವುದು ಒಂದು ಜಾಗದಿಂದ ಒಂದು ಹೊತ್ತಿನಲ್ಲಿ ಕಂಡದ್ದು. ಗದಗಿನಿಂದ ಹುಡುಕಿದ್ದಕ್ಕೂ ಬೆಂಗಳೂರಿನಿಂದ ಹುಡುಕಿದ್ದಕ್ಕೂ ಫಲಿತಾಂಶ ಬೇರೆ. ಹಾಗಾಗಿ ಟೂಲ್‌ನಲ್ಲಿ ಊರು ಆರಿಸಲು ಬರುತ್ತದೆಯೇ, ಆ ಪಟ್ಟಿಯಲ್ಲಿ ನಿಮ್ಮ ಊರು ಇದೆಯೇ ಎಂದು ನೋಡಿ. ಹುಬ್ಬಳ್ಳಿ ಸಿಕ್ಕರೂ ಹಾವೇರಿ, ರಾಣೆಬೆನ್ನೂರು ಸಿಗಬೇಕೆಂದಿಲ್ಲ. ಕೊಳ್ಳುವ ಮುಂಚೆಯೇ ಅವರ ಬೆಂಬಲ ವಿಭಾಗಕ್ಕೆ ಬರೆದು ಕೇಳಿ. ಉತ್ತರ ಕೊಡುವ ರೀತಿಯಲ್ಲೇ ಮುಂದಿನ ಸೇವೆ ಹೇಗಿರುತ್ತದೆ ಎಂದು ತಿಳಿಯುತ್ತದೆ.

ಎಷ್ಟು ಆಳದ ತನಕ ನೋಡುತ್ತದೆ ಎಂಬುದನ್ನೂ ಕೇಳಿ. ಮೊದಲು ಗೂಗಲ್‌ನಲ್ಲಿ ಒಂದೇ ಪುಟದಲ್ಲಿ ನೂರು ಫಲಿತಾಂಶ ತರಿಸಿಕೊಳ್ಳುವ ದಾರಿ ಇತ್ತು. 2025ರ ಸೆಪ್ಟೆಂಬರ್‌ನಲ್ಲಿ ಅದು ನಿಂತಿತು. ಟೂಲ್‌ಗಳಿಗೆ ಹತ್ತು ಪುಟ ತಿರುವಿ ಹಾಕುವ ಖರ್ಚು ಬಿತ್ತು, ಕೆಲವು ಆಳ ಕಡಿಮೆ ಮಾಡಿದವು. ನಿಮ್ಮ ಸರ್ಚ್ ಕನ್ಸೋಲ್‌ನಲ್ಲೂ ಆ ತಿಂಗಳಿನಿಂದ ಇಂಪ್ರೆಷನ್ ಒಮ್ಮೆಲೇ ಇಳಿದಿದ್ದರೆ ಇದೇ ಕಾರಣ ಇರಬಹುದು. ಅಲ್ಲಿಯ ತನಕ ಟೂಲ್‌ಗಳ ಯಂತ್ರಗಳು ನೋಡಿದ್ದೂ ಇಂಪ್ರೆಷನ್ ಲೆಕ್ಕಕ್ಕೆ ಸೇರುತ್ತಿತ್ತು. ಕ್ಲಿಕ್ ಇಳಿದಿಲ್ಲ ಎಂದರೆ ವ್ಯಾಪಾರಕ್ಕೆ ಏನೂ ಆಗಿಲ್ಲ.

ಮೂರನೆಯದು ಚಿಕ್ಕದು, ಆದರೆ ದಿನಾ ಕಾಡುವಂಥದು. ಟೂಲ್‌ನಿಂದ ಕನ್ನಡ ಪದಗಳಿರುವ ಸಿಎಸ್‌ವಿ ಫೈಲ್ (ಸಾಲು-ಕಾಲಂಗಳ ಸರಳ ಪಟ್ಟಿ) ಇಳಿಸಿ, ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆಯಿರಿ. ಕನ್ನಡದ ಜಾಗದಲ್ಲಿ ವಿಚಿತ್ರ ಚಿಹ್ನೆಗಳು ಬಂದವೇ? ಫೈಲ್ ಕೆಟ್ಟಿಲ್ಲ. ಎಕ್ಸೆಲ್‌ನ ಡೇಟಾ ಮೆನುವಿನಿಂದ ಆಮದು ಮಾಡಿಕೊಂಡು ಯುಟಿಎಫ್-8 (ಯೂನಿಕೋಡ್ ಅಕ್ಷರ ಉಳಿಸುವ ಒಂದು ಬಗೆ) ಆರಿಸಿ, ಇಲ್ಲವೇ ನೇರವಾಗಿ ಗೂಗಲ್ ಶೀಟ್ಸ್‌ನಲ್ಲಿ ತೆರೆಯಿರಿ. ಟೂಲ್‌ನ ಪಿಡಿಎಫ್ ವರದಿಯಲ್ಲೂ ಕನ್ನಡ ನೋಡಿ. ಅಕ್ಷರದ ಬದಲು ಖಾಲಿ ಚೌಕ ಬಂದರೆ ಆ ವರದಿಯನ್ನು ಗಿರಾಕಿಗೆ ಕೊಡಲು ಬರುವುದಿಲ್ಲ.

ಕೊನೆಗೆ, ಟೂಲ್ ಬಳಸುವವರ ಕೈಗೇ ಕೊಟ್ಟು ನೋಡಿ. ಅಂಗಡಿಯಲ್ಲಿ ಈ ಕೆಲಸ ನೋಡಿಕೊಳ್ಳುವ ಹುಡುಗಿ ಮೊಬೈಲ್‌ನಲ್ಲೇ ಎಲ್ಲ ಮಾಡುತ್ತಾಳೆ ಎಂದಾದರೆ, ದೊಡ್ಡ ಪರದೆಗೆಂದೇ ಮಾಡಿದ ಟೂಲ್ ಮೂಲೆ ಸೇರುತ್ತದೆ.

ಹಂತ 7: ರೊಕ್ಕದ ಲೆಕ್ಕ ಮಾಡಿ

ಸೆಮ್‌ರಷ್, ಅಹ್ರೆಫ್ಸ್‌ನ ಮುಖ್ಯ ಪ್ಲಾನ್‌ಗಳು ತಿಂಗಳಿಗೆ ನೂರು ಡಾಲರ್ ದಾಟುತ್ತವೆ. ನಮ್ಮ ರೂಪಾಯಿಯಲ್ಲಿ ಹತ್ತು ಸಾವಿರದ ಮೇಲೆ. ಅದರ ಮೇಲೆ ಶೇ 18 ಜಿಎಸ್‌ಟಿ. ನೀವು ಜಿಎಸ್‌ಟಿ ನೋಂದಣಿ ಮಾಡಿಸಿದ್ದರೆ ಖಾತೆಯಲ್ಲಿ ನಂಬರ್ ಹಾಕಿ, ರಿವರ್ಸ್ ಚಾರ್ಜ್ (ಮಾರಿದವರ ಬದಲು ಕೊಂಡವರೇ ತೆರಿಗೆ ಕಟ್ಟುವುದು) ಹೇಗೆ ತೋರಿಸಬೇಕೆಂದು ನಿಮ್ಮ ಆಡಿಟರ್ ಅವರನ್ನು ಮೊದಲೇ ಕೇಳಿ. ಬ್ಯಾಂಕಿನವರು ವಿದೇಶಿ ವಹಿವಾಟಿಗೆ ಬೇರೆ ಶುಲ್ಕ ಹಿಡಿಯಬಹುದು.

ಕಾರ್ಡ್‌ನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಚಾಲೂ ಇರಬೇಕು, ಬ್ಯಾಂಕ್ ಆ್ಯಪ್‌ನಲ್ಲಿ ನೋಡಿ. ತಿಂಗಳು ತಿಂಗಳು ತಾನಾಗಿ ಕಡಿತವಾಗುವ ಪಾವತಿಗೆ ರಿಸರ್ವ್ ಬ್ಯಾಂಕಿನ ನಿಯಮ ಇದೆ. 2022ರಿಂದ ₹15,000 ತನಕ ಪ್ರತಿ ಸಲ ಒಟಿಪಿ ಬೇಡ, ಅದಕ್ಕಿಂತ ಜಾಸ್ತಿಯಾದರೆ ಬೇಕು. ಕಡಿತಕ್ಕೆ 24 ಗಂಟೆ ಮುಂಚೆ ಸಂದೇಶ ಬರುತ್ತದೆ. ಆ ಸಂದೇಶ ಬಂದಾಗ "ಈ ತಿಂಗಳು ಇದನ್ನು ತೆರೆದಿದ್ದೆವಾ?" ಎಂದು ಕೇಳಿಕೊಳ್ಳಿ.

ನನ್ನ ಸಲಹೆ: ವರ್ಷದ ಪ್ಲಾನ್‌ನ ರಿಯಾಯಿತಿಗೆ ಮರುಳಾಗಬೇಡಿ. ಒಂದು ತಿಂಗಳಿಗೆ ತಗೊಳ್ಳಿ. ಆ ತಿಂಗಳಲ್ಲಿ ಪದಗಳ ಪಟ್ಟಿ, ಪ್ರತಿಸ್ಪರ್ಧಿಗಳ ಪುಟ, ಸೈಟ್‌ನ ದೋಷ ಎಲ್ಲ ಇಳಿಸಿಕೊಳ್ಳಿ, ಆಮೇಲೆ ನಿಲ್ಲಿಸಿ. ಮುಂದಿನ ನಾಲ್ಕೈದು ತಿಂಗಳು ಆ ಪಟ್ಟಿ ಹಿಡಿದು ಬರೆಯಿರಿ. ಬರೆಯಲು ಕೈ ಇಲ್ಲದೆ ಟೂಲ್‌ಗೆ ಮಾತ್ರ ದುಡ್ಡು ಕಟ್ಟುವವರೇ ಜಾಸ್ತಿ.

ಟೆಲಿಗ್ರಾಂನಲ್ಲಿ ಕೆಲವು ನೂರು ರೂಪಾಯಿಗೆ ಹಂಚಿಕೊಂಡು ಬಳಸುವ ಲಾಗಿನ್ ಮಾರುವವರಿದ್ದಾರೆ. ಇದು ಕಂಪನಿಗಳ ನಿಯಮಕ್ಕೆ ವಿರುದ್ಧ. ಖಾತೆ ಯಾವ ಹೊತ್ತಿಗೆ ಬೇಕಾದರೂ ಮುಚ್ಚುತ್ತದೆ. ಇನ್ನೂ ಕೆಟ್ಟದ್ದು ಎಂದರೆ, ಅವರು ಹಾಕಿಸುವ ಬ್ರೌಸರ್ ಎಕ್ಸ್‌ಟೆನ್ಷನ್ (ಬ್ರೌಸರ್‌ಗೆ ಸೇರಿಸುವ ಸಣ್ಣ ತಂತ್ರಾಂಶ) ನಿಮ್ಮ ಉಳಿದ ಲಾಗಿನ್‌ಗಳನ್ನೂ ನೋಡಬಹುದು. ಬ್ಯಾಂಕ್ ಖಾತೆ ತೆರೆಯುವ ಕಂಪ್ಯೂಟರ್‌ನಲ್ಲಿ ಇದನ್ನು ಮಾಡಲೇಬೇಡಿ.

ಹಂತ 8: ಅಂಕ ತೋರಿಸುವವರನ್ನು ಕ್ಲಿಕ್ ಕೇಳಿ

ಮಾಜ್‌ನ ಡಿಎ, ಅಹ್ರೆಫ್ಸ್‌ನ ಡಿಆರ್ (ಡೊಮೇನ್ ರೇಟಿಂಗ್), ಸೆಮ್‌ರಷ್‌ನ ಅಥಾರಿಟಿ ಸ್ಕೋರ್: ಮೂರೂ ಆಯಾ ಕಂಪನಿ ತಾನೇ ಕಟ್ಟಿದ ಅಂಕ. ಸೈಟ್‌ಗಳ ಸ್ಥಾನ ನಿರ್ಧರಿಸಲು ಗೂಗಲ್ ಇವನ್ನು ಬಳಸುವುದಿಲ್ಲ. "ಮೂರು ತಿಂಗಳಲ್ಲಿ ಡಿಎ 30 ಮಾಡಿಕೊಡುತ್ತೇವೆ" ಎಂದು ಯಾರಾದರೂ ಬಂದರೆ, ಅದರಿಂದ ಫೋನ್ ಎಷ್ಟು ಬಂತು ಎಂದು ಕೇಳಿ. ಗೂಗಲ್‌ನ ಎಐ ಉತ್ತರಗಳಲ್ಲಿ ನಿಮ್ಮ ಹೆಸರು ಎಷ್ಟು ಸಲ ಬಂತು ಎಂದು ಎಣಿಸುವ ಟೂಲ್‌ಗಳೂ ಈಗ ಬಂದಿವೆ. ನಮ್ಮ ಕಡೆಯ ಅಂಗಡಿಗೆ ಸದ್ಯ ಅದಕ್ಕೆ ಬೇರೆ ದುಡ್ಡು ಕೊಡುವ ಅಗತ್ಯ ನನಗೆ ಕಾಣುವುದಿಲ್ಲ.

ಹಂತ 9: ಏಜೆನ್ಸಿಗೆ ಕೊಟ್ಟಿದ್ದರೆ ಖಾತೆ ಯಾರ ಹೆಸರಲ್ಲಿದೆ ನೋಡಿ

ಟೂಲ್ ಅವರದೇ ಇರಲಿ, ತೊಂದರೆ ಇಲ್ಲ. ಆದರೆ ಸರ್ಚ್ ಕನ್ಸೋಲ್, ಬಿಸಿನೆಸ್ ಪ್ರೊಫೈಲ್, ಡೊಮೇನ್ (ಸೈಟ್‌ನ ವಿಳಾಸ) ಮೂರೂ ನಿಮ್ಮ ಸ್ವಂತ ಜಿಮೇಲ್‌ನಲ್ಲಿ ಇರಬೇಕು. ಸರ್ಚ್ ಕನ್ಸೋಲ್‌ನ ಸೆಟ್ಟಿಂಗ್ಸ್‌ನಲ್ಲಿ ಬಳಕೆದಾರರ ಪಟ್ಟಿ ತೆರೆಯಿರಿ. ಮಾಲೀಕರ ಜಾಗದಲ್ಲಿ ನಿಮ್ಮ ಹೆಸರು, ಏಜೆನ್ಸಿಯವರಿಗೆ ಫುಲ್ ಯೂಸರ್ ಅನುಮತಿ, ಹೀಗಿರಲಿ. ಕೆಲಸ ಬಿಟ್ಟು ಹೋದ ಹುಡುಗನ ಮೇಲ್ ಐಡಿ ಅಲ್ಲಿ ಮಾಲೀಕನಾಗಿ ಕೂತಿದ್ದರೆ ಇವತ್ತೇ ತೆಗೆಯಿರಿ. ಅವನು ಸೈಟ್‌ನಲ್ಲಿ ಹಾಕಿದ ದೃಢೀಕರಣದ ಕೋಡ್ ಅಥವಾ ಫೈಲ್ ಅನ್ನೂ ಅಳಿಸಿ, ಇಲ್ಲದಿದ್ದರೆ ಅದೇ ಕೋಡ್ ಇಟ್ಟುಕೊಂಡು ಅವನು ಮತ್ತೆ ಮಾಲೀಕನಾಗಿ ಸೇರಿಕೊಳ್ಳಬಹುದು.